ವಾಸಣ್ಣನ ಬೈಕಿನ ಓರೆ ಗಾಜು

ರೈಲಿನಲ್ಲಿ

ಮುಂಬಯಿಗೆ ಹೋಗುವುದನ್ನು ಉಡುಪಿಯ ಕಡೆ ಯಾರೂ ಪ್ರವಾಸ ಎನ್ನುವುದಿಲ್ಲ. ‘ಬೊಂಬಾಯಿಗೆ ಹೋಗಿ ಬಂದೆ’ ಎಂದರೆ ಪೇಟೆಗೆ ಹೋಗಿ ಬಂದಷ್ಟೇ ಸಲೀಸು. ಅಲ್ಲಿರುವ ನಮ್ಮವರನ್ನು ಸಭೆಗಳಲ್ಲಿ ಮಾತ್ರ ಹೊರನಾಡ ಕನ್ನಡಿಗರು ಎಂದು ಕರೆಯುತ್ತೇವೆ. ಈ ಸಲ ನನಗೆ ಆ ಮಾತೇ ಸರಿಯೆನಿಸಿತು. ನನ್ನ ಅಣ್ಣ ವಾಸಣ್ಣನ ಹದಿಮೂರನೆಯ ದಿನದ ಊಟ ಮುಗಿಸಿ ಬಂದು ಮೂರು ವರ್ಷವಾಗಿತ್ತು. ಅವನು ಸ್ಟೇಷನ್ನಿಗೆ ಬಂದು ನಿಲ್ಲದ ಮುಂಬಯಿ ನನ್ನ ಪಾಲಿಗೆ ಪರದೇಶವೇ.

ಹೊರಟದ್ದಕ್ಕೆ ಕಾರಣ ಒಂದು ಮೋಟಾರ್ ಸೈಕಲ್ಲು. ಅಣ್ಣ ಮುಂಬಯಿಯ ಫೋರ್ಟಿನಲ್ಲಿ ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ, ಊರು ಬಿಟ್ಟು ಹೊರಟಿದ್ದ ಯಾರೋ ವಿದೇಶಿಯವನಿಂದ ಕೊಂಡದ್ದು. ಎಮ್ಮೆಯಷ್ಟು ದೊಡ್ಡದು. ಹ್ಯಾಂಡಲ್ಲಿನ ಎಡಬದಿಯ ಗುಂಡಿ ಒತ್ತಿದರೆ ಮುಂದಿನ ಗಾಜು ಜಿರ್ರೆಂದು ಮೇಲೇರುತ್ತಿತ್ತು, ಅದೇ ಗುಂಡಿಯ ಇನ್ನೊಂದು ತುದಿ ಒತ್ತಿದರೆ ಇಳಿಯುತ್ತಿತ್ತು. ಗಾಜು ಎನ್ನುತ್ತೇವೆ, ಅದು ಗಾಜಲ್ಲ, ದಪ್ಪ ಪಾರದರ್ಶಕ ಪ್ಲಾಸ್ಟಿಕ್ಕು. ಭಾನುವಾರ ಬೆಳಿಗ್ಗೆ ಫೋರ್ಟಿನ ಖಾಲಿ ಬೀದಿಗಳಲ್ಲಿ ನನ್ನನ್ನು ಹಿಂದೆ ಕೂರಿಸಿಕೊಂಡು ಅಣ್ಣ ಆ ಗಾಜನ್ನು ಏರಿಸುತ್ತಿದ್ದ. ಸಮುದ್ರದ ಗಾಳಿ ನಮ್ಮ ತಲೆಯ ಮೇಲಿನಿಂದ ಹಾದುಹೋಗುತ್ತಿತ್ತು. ಹಾಗೆಂದು ನನ್ನ ನೆನಪು. ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವಳು ನಾನು. ಆಧಾರ ಎಲ್ಲಿ ಎಂದು ಮಕ್ಕಳನ್ನು ಕೇಳಿ ಕೇಳಿ, ಈಗ ನನ್ನನ್ನೇ ಕೇಳಿಕೊಳ್ಳುವುದು ಅಭ್ಯಾಸವಾಗಿಬಿಟ್ಟಿದೆ. ಹೊರಡುವ ಮೊದಲು ಹಳೆಯ ಡೈರಿಗಳನ್ನು ತೆಗೆದು ನೋಡಿದೆ. ‘ವಾಸಣ್ಣನ ಬೈಕಿನಲ್ಲಿ ಸುತ್ತಿದೆ. ಚೆನ್ನಾಗಿತ್ತು’ ಎಂದಷ್ಟೇ ಇದೆ. ಗಾಳಿಯ ವಿಚಾರ ಎಲ್ಲೂ ಇಲ್ಲ.

ಸಯನ್

ಅತ್ತಿಗೆಯ ಫ್ಲ್ಯಾಟು ಸಯನ್ ಸ್ಟೇಷನ್ನಿಗೆ ಹತ್ತು ನಿಮಿಷದ ನಡಿಗೆ. ಬುಧವಾರ ಚಹಾ ಆದ ಕೂಡಲೇ ಅಣ್ಣನ ಮಗಳು ನಿಧಿ ನನ್ನನ್ನು ಕೆಳಗೆ ಬಿಲ್ಡಿಂಗಿನ ಪಾರ್ಕಿಂಗಿಗೆ ಕರೆದುಕೊಂಡು ಹೋಗಿ, ಬೈಕಿನ ಮೇಲಿನ ಹೊದಿಕೆ ಎಳೆದಳು.

ಗಾಜು ಪೂರ್ತಿ ಮೇಲೇರಿ ನಿಂತಿತ್ತು. ಸ್ವಲ್ಪ ಓರೆ, ಎಡಬದಿ ಬಲಬದಿಗಿಂತ ಒಂದು ಬೆರಳು ಕೆಳಗೆ. ಅಣ್ಣನೂ ಹಾಗೇ, ತಲೆಯನ್ನು ಎಡಕ್ಕೆ ಒಂದಿಷ್ಟು ವಾಲಿಸಿಯೇ ನಿಲ್ಲುತ್ತಿದ್ದ. ಎತ್ತರದ ಆಳು. ಆ ಗಾಜು ಅವನು ಕೊನೆಯ ಸಲ ನಿಲ್ಲಿಸಿದ ಎತ್ತರದಲ್ಲೇ ಇದೆ ಎಂದುಕೊಂಡು ಅದರ ಅಂಚಿನ ಮೇಲೆ ಕೈಯಿಟ್ಟೆ.

“ಅತ್ತೆ, ನೀವು ಬೈಠಿ ನೋಡಿ,” ಎಂದಳು ನಿಧಿ. ಅವಳ ಕನ್ನಡ ಹೀಗೆ. ಅರ್ಥವೆಲ್ಲ ಆಗುತ್ತದೆ, ಆಡುವಾಗ ಹಿಂದಿಯ ಮೇಲೆ ಕಾಲಿಟ್ಟುಕೊಂಡೇ ದಾಟುತ್ತಾಳೆ.

ಸೀರೆ ಸಾವರಿಸಿಕೊಂಡು ಹತ್ತಿ ಕುಳಿತೆ. ನಿಧಿಯೂ ನಾನೂ ಒಂದೇ ಎತ್ತರ, ಇಬ್ಬರೂ ನಮ್ಮ ಅಜ್ಜಿಯಂತೆ ಗಿಡ್ಡ. ಗಾಜಿನ ಮೇಲಂಚು ನೇರವಾಗಿ ನನ್ನ ಕಣ್ಣಿಗೆ ಅಡ್ಡ ಬಂದಿತ್ತು. ಅಂಚಿನ ಕೆಳಗಿನಿಂದ ನೋಡಿದರೆ ಹಳದಿಗಟ್ಟಿದ ಪ್ಲಾಸ್ಟಿಕ್ಕಿನಲ್ಲಿ ಎದುರಿನ ಗೋಡೆ ನೀರಿನೊಳಗಿದ್ದಂತೆ ಕಾಣುತ್ತಿತ್ತು.

“ದಿಖಾ? ಅರ್ಧ ರಸ್ತೆ ಮೇಲೆ, ಅರ್ಧ ಕೆಳಗೆ. ನಡುವೆ ಲೈನ್. ಅವತ್ತು ಪೊಲೀಸ್ ಬ್ಯಾರಿಕೇಡ್ ಆ ಲೈನ್ ಹಿಂದೆ ಇತ್ತು. ನಾನು ಸೀಧಾ ಅಂದರ್,” ಎಂದು ಮೊಣಕಾಲಿನ ಕಲೆ ತೋರಿಸಿದಳು.

ಆ ಪೆಟ್ಟಾದ ಮೇಲೆ ಅತ್ತಿಗೆ ತೀರ್ಮಾನ ಮಾಡಿದ್ದರು. ಹಳೆಯ ಬೈಕುಗಳನ್ನು ಕೂಡಿಡುವ ಪುಣೆಯವರೊಬ್ಬರು ಬರುವ ಭಾನುವಾರ ಬಂದು ಬೈಕನ್ನು ಒಯ್ಯುವವರಿದ್ದರು. ಅಷ್ಟರೊಳಗೆ ಗಾಜು ಇಳಿಯುವಂತಾದರೆ ಬೈಕು ನಿಧಿಗೆ, ಆಗದಿದ್ದರೆ ಪುಣೆಗೆ.

“ಮೇಲಿನ ತುಂಡು ಕಟ್ ಮಾಡಿಸೋಣ ಅಂದೆ. ಮಮ್ಮಿ ಬೇಡ ಅಂದಳು.”

“ಬೇಡವೇ ಬೇಡ,” ಎಂದೆ, ಬೇಕಾದ್ದಕ್ಕಿಂತ ಜೋರಾಗಿ.

ಮೇಲೆ ಅತ್ತಿಗೆ ಬಟಾಟೆ ಹೆಚ್ಚುತ್ತಿದ್ದರು. “ಎಂತ ಮಾಡುದು ಸುಮ, ಹೇಳು. ಅವರು ಹೋದದ್ದು ಹೋದರು. ಇವಳಿಗೂ ಎಂತಾದರೂ ಆದರೆ? ಆ ಗ್ಲಾಸ್ ಸರಿಯಾಗಲಿ, ನಾನು ಬೇಡ ಹೇಳುವುದಿಲ್ಲ.”

ಸರಿಯಾಗಲಿ ಎಂದು ನಾನೂ ಅಂದೆ. ಆದರೆ ನನಗೆ ಬೇಕಾಗಿದ್ದದ್ದು ಅದಲ್ಲ. ಬೈಕು ಮನೆಯಲ್ಲೇ ಇರಬೇಕು, ಗಾಜೂ ಅಣ್ಣನ ಎತ್ತರದಲ್ಲೇ ಇರಬೇಕು. ಎರಡೂ ಒಟ್ಟಿಗೆ ಆಗುವುದಿಲ್ಲ ಎಂಬುದು ತಿಳಿದಿದ್ದೂ ಅದನ್ನೇ ಬಯಸುತ್ತಿದ್ದೆ.

ಬೈಕುಲ್ಲಾ

ಗುರುವಾರ ಬೆಳಿಗ್ಗೆ, ಅಣ್ಣನ ಬೈಕನ್ನು ರಿಪೇರಿ ಮಾಡುತ್ತಿದ್ದ ಸಿದ್ರಾಮ ಮಿಸ್ತ್ರಿ ತಾನೇ ಬಂದು ಅದನ್ನು ಒಯ್ದ. ನಾನು, ನಿಧಿ ಲೋಕಲ್ ರೈಲು ಹಿಡಿದು ಹಿಂದೆ ಹೋದೆವು. ಹೆಂಗಸರ ಡಬ್ಬದಲ್ಲಿ ನಿಂತವರು ಕುಳಿತವರನ್ನು ‘ಎಲ್ಲಿ ಇಳಿಯುತ್ತೀರಿ’ ಎಂದು ಕೇಳಿ ಆ ಸೀಟನ್ನು ತಮಗೆಂದು ಗೊತ್ತುಮಾಡಿಕೊಳ್ಳುತ್ತಾರೆ. ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ಲು ಎಸೆಯುತ್ತಾರೆ. ಇಲ್ಲಿ ಒಂದು ಮಾತು ಸಾಕು, ಅದನ್ನು ಯಾರೂ ಮುರಿಯುವುದಿಲ್ಲ.

ಸಿದ್ರಾಮ ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನವನು. ಕಟ್ಟಡದ ಕೆಲಸಕ್ಕೆಂದು ಬಂದು, ಕೈ ಕಪ್ಪಾಗುವ ಕೆಲಸವೇ ಹಿಡಿಸಿ ಮಿಸ್ತ್ರಿಯಾದವನು. ಮಾರ್ಕೆಟ್ಟಿನ ಹಿಂದೆ, ಇರುಳ್ಳಿ ಮೂಟೆಗಳ ಪಕ್ಕದ ಗಲ್ಲಿಯಲ್ಲಿ ಅವನ ತಗಡಿನ ಶೆಡ್ಡು. ನಾವು ಹೋಗುವಷ್ಟರಲ್ಲಿ ಬೈಕಿನ ಮುಖ ಬಿಚ್ಚಾಗಿತ್ತು. ಒಂದು ಥರ್ಮೋಕೋಲ್ ಹಾಳೆಯ ಮೇಲೆ ಆ ಮುಖದ ಚಿತ್ರ ಬರೆದು, ಬಿಚ್ಚಿದ ಒಂದೊಂದು ಬೋಲ್ಟನ್ನೂ ಅದು ಇದ್ದ ಜಾಗಕ್ಕೆ ಸರಿಯಾಗಿ ಚುಚ್ಚಿಟ್ಟಿದ್ದ.

“ಮೋಟಾರ್ ಕೆಟ್ಟಿಲ್ರಿ ಅಕ್ಕಾರ,” ಎಂದ. “ಮೋಟಾರ್ ನಡಬರಕ ಐತಿ. ಅದರಿಂದ ಬಲಕ್ಕೊಂದು ಎಡಕ್ಕೊಂದು ಕೇಬಲ್ ಹೋಗ್ತಾವ. ಎರಡೂ ಕೂಡೇ ತಿರಗಿದ್ರ ಕಾಚ್ ನೆಟ್ಟಗ ಏರತೈತಿ. ಎಡಗಡಿದು ಸೋತೈತ್ರಿ. ಜೋಡೆತ್ತಿನ್ಯಾಗ ಒಂದು ಕುಂತಂಗ. ಬಲಗಡಿದು ಒಂದ ಎಳದ ಎಳದ, ಕಾಚ್ ಸೊಟ್ಟಾಗಿ ಸಿಕ್ಕೊಂಡೈತಿ.”

“ಅಂದರೆ ಆ ಓರೆ ಅಣ್ಣ ಇಟ್ಟದ್ದಲ್ಲವೇ?”

“ಯಾರರ ಬೇಕಂತ ಸೊಟ್ಟ ಇಡ್ತಾರೇನ್ರಿ?”

ಕೈಯಿಂದ ಒತ್ತಿ ಇಳಿಸಬಾರದೇ ಎಂದು ನಿಧಿ ಕೇಳಿದಳು. ಒತ್ತಿದರೆ ಒಳಗಿನ ಹಲ್ಲಿನ ಚಕ್ರ ಪುಡಿಯಾಗುತ್ತದೆ, ಬಿಚ್ಚಿ ತಿರುಗಿಸಿ ಇಳಿಸಿದರೂ ಕೇಬಲ್ಲಿನ ಹಿಡಿತವಿಲ್ಲದ ಎಡಬದಿ ಓಡುವಾಗ ಅದುರಿ ಮತ್ತೆ ಸಿಕ್ಕಿಕೊಳ್ಳುತ್ತದೆ ಎಂದ. ಗಾಜನ್ನೇ ತೆಗೆದುಬಿಟ್ಟರೆ? “ಮೀಟರು, ವೈಯರು ಎಲ್ಲಾ ಮಳಿಗೆ ಬಯಲು. ತಲಿ ಇಲ್ಲದ ಗಾಡಿ ಆಗ್ತೈತವ್ವಾ.”

ಗಾಜು ಏರಿಳಿಯುವ ಹಳಿಯಲ್ಲಿದ್ದ ಗ್ರೀಸು ಧೂಳು ಕುಡಿದು ಹಲ್ವದಂತೆ ಗಟ್ಟಿಯಾಗಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಅದನ್ನು ಕೆರೆದ. ಆಮೇಲೆ ಇಕ್ಕಳ ಹಾಕಿ ಎಡಗಡೆಯ ಕೇಬಲ್ಲನ್ನು ಎಳೆದು ನನ್ನ ಅಂಗೈ ಮೇಲಿಟ್ಟ. “ಇದ ನೋಡ್ರಿ ಕಳ್ಳ.”

ಒಂದು ಮೊಳದುದ್ದ. ಪೆನ್ಸಿಲ್ಲಿನಷ್ಟು ದಪ್ಪ. ಉಕ್ಕಿನ ತಂತಿಯನ್ನು ಒತ್ತೊತ್ತಾಗಿ ಸುತ್ತಿ ಮಾಡಿದ್ದು. ಎರಡು ತುದಿಗಳು ಚೌಕವಾಗಿರಬೇಕಾಗಿತ್ತು. ಒಂದು ತುದಿ ಸವೆದು ದುಂಡಗಾಗಿ, ಮೋಟಾರಿನ ತೂತಿನಲ್ಲಿ ಸುಮ್ಮನೆ ತಿರುಗುತ್ತಿತ್ತು.

ಅದನ್ನು ನಾನು ಬಲ್ಲೆ. ಅಂಥದೇ ಒಂದು ಉಡುಪಿಯ ನನ್ನ ಮನೆಯಲ್ಲಿದೆ.

ಮೂರು ವರ್ಷದ ಹಿಂದೆ ಊರಿಗೆ ಹೊರಟಾಗ ಅತ್ತಿಗೆ, ಅಣ್ಣನ ನೆನಪಿಗೆ ಏನಾದರೂ ತೆಗೆದುಕೊಂಡು ಹೋಗು ಎಂದಿದ್ದರು. ಅಣ್ಣನ ಮೇಜಿನ ಡ್ರಾವರಿನಲ್ಲಿ ಪೇಪರಿನಲ್ಲಿ ಸುತ್ತಿದ ಪರದೆಯ ಸ್ಪ್ರಿಂಗು ಕಂಡಿತು. ಹುಟ್ಟಿದ ಮನೆಯಲ್ಲಿ ಅಮ್ಮನ ಹಳೆಯ ಸೀರೆಯ ಪರದೆಯನ್ನು ಅಂಥ ಸ್ಪ್ರಿಂಗಿಗೆ ಪೋಣಿಸಿದ್ದರು. ನಾನು ಓದಲು ಕುಳಿತಾಗೆಲ್ಲ ಅಣ್ಣ ಅದನ್ನು ಮೀಟಿ ಟ್ರಂಯ್ ಎನ್ನಿಸಿ ಗೋಳುಹೊಯ್ದುಕೊಳ್ಳುತ್ತಿದ್ದ. ಇಷ್ಟು ವರ್ಷ ಅದನ್ನು ಜೋಪಾನ ಮಾಡಿದ್ದನಲ್ಲ ಎಂದು ಕಣ್ಣು ತುಂಬಿ ಬಂತು. ಡೈರಿಯಲ್ಲಿ ಬರೆದೆ: ‘ವಾಸಣ್ಣ ಪರದೆಯ ಸ್ಪ್ರಿಂಗು ಇಟ್ಟುಕೊಂಡಿದ್ದ.’ ಪ್ರಶ್ನಾರ್ಥಕ ಚಿಹ್ನೆ ಹಾಕಲಿಲ್ಲ. ಮನೆಗೆ ಬಂದು, ನನ್ನ ಡೈರಿಗಳಿರುವ ಗೋಡೆಯ ಗೂಡಿಗೆ ಅದರಲ್ಲೇ ಪರದೆ ಕಟ್ಟಿದೆ. ಎಳೆದರೆ ಹಿಗ್ಗಲಿಲ್ಲ, ಹಳೆಯ ಕಾಲದ್ದು, ಗಟ್ಟಿ ಎಂದುಕೊಂಡೆ. ತುದಿಗಳು ಚೌಕವಾಗಿದ್ದವು, ಕೊಕ್ಕೆ ಮುರಿದಿರಬೇಕು ಎಂದುಕೊಂಡೆ.

“ಇದು ಸಿಗುತ್ತದಾ?” ಎಂದು ಕೇಳಿದೆ.

“ಪರದೇಶದಿಂದ ತರಸಬೇಕ್ರಿ. ಒಂದು ತಿಂಗಳೂ ಆತು, ಎರಡೂ ಆತು. ನಿಮ್ಮ ಅಣ್ಣಾರ ತರಸಿದ್ರು. ‘ಬಂದೈತಿ ಸಿದ್ರಾಮ, ಐತವಾರ ಗಾಡಿ ತರ್ತೀನಿ’ ಅಂತ ಫೋನ್ ಮಾಡಿದ್ರು. ಆ ಐತವಾರ ಅವರ ಬರಲಿಲ್ಲ.” ಗೋಡೆಯತ್ತ ಕೈ ತೋರಿಸಿದ. ಮಾಡಬೇಕಾದ ಕೆಲಸಗಳನ್ನೆಲ್ಲ ಅವನು ಸುಣ್ಣದ ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ, ಕನ್ನಡದಲ್ಲಿ ಬರೆದಿಡುತ್ತಾನೆ. “ಹಿಂದಿಯೊಳಗ ಬರದ್ರ ಯಾರ ಗಾಡಿಗೆ ಏನಾಗೇತಿ ಅಂತ ಗಲ್ಲಿ ಮಂದಿ ಎಲ್ಲಾ ಓದ್ತಾರ್ರಿ.”

‘ಹೋಟೆಲ್ ಭಟ್ರ ಗಾಡಿ. ಎಡಗಡಿ ಕೇಬಲ್ ಬರೂದೈತಿ’ ಎಂದಿತ್ತು. ಅದರ ಕೆಳಗೂ ಏನೋ ಇತ್ತು. ಮೊಳೆಗೆ ನೇತುಹಾಕಿದ ಟ್ಯೂಬೊಂದು ಅದನ್ನು ಮುಚ್ಚಿತ್ತು.

“ಮನೆಯಲ್ಲಿ ಇಲ್ಲ ಅಂಕಲ್,” ಎಂದಳು ನಿಧಿ. “ಎಲ್ಲಾ ಡ್ರಾವರ್, ಕಪಾಟ್, ಸಬ್ ಚೆಕ್ ಕಿಯಾ.”

ಹೇಳಬೇಕಾದ ಗಳಿಗೆ ಅದೇ ಆಗಿತ್ತು. ನಾನು ಕೈಗೆ ಹತ್ತಿದ ಗ್ರೀಸನ್ನು ಒರೆಸಿಕೊಳ್ಳುತ್ತ ನಿಂತೆ. ಹೇಳಿದರೆ ಗಾಜು ಇಳಿಯುತ್ತದೆ. ಅಷ್ಟೇ ಅಲ್ಲ, ನನ್ನ ಬಳಿ ಅಣ್ಣನದು ಎಂದು ಉಳಿದಿದ್ದ ಒಂದೇ ವಸ್ತು ನಾನು ಅಂದುಕೊಂಡ ವಸ್ತುವಲ್ಲ ಎಂದಾಗುತ್ತದೆ. ಆ ದಿನದ ಡೈರಿಯಲ್ಲಿ ಲೋಕಲ್ಲಿನ ಸೀಟಿನ ಬಗ್ಗೆ ಅರ್ಧ ಪುಟ ಬರೆದಿದ್ದೇನೆ. ಕೇಬಲ್ಲಿನ ಬಗ್ಗೆ ಒಂದಕ್ಷರವೂ ಇಲ್ಲ.

ಫೋರ್ಟ್

ಶುಕ್ರವಾರ ಮಧ್ಯಾಹ್ನ ಅತ್ತಿಗೆ ನನ್ನನ್ನು ಅಣ್ಣನ ಹೋಟೆಲಿಗೆ ಕರೆದುಕೊಂಡು ಹೋದರು. ಈಗ ಅದು ಬೇರೆಯವರ ಕೈಯಲ್ಲಿದೆ. ಮಾರ್ಬಲ್ ಮೇಜುಗಳು ಹೋಗಿವೆ, ಸಾಂಬಾರಿನ ಪರಿಮಳ ಮಾತ್ರ ಹಾಗೇ ಇದೆ. ಹಾಗೇ ಇದೆಯೆಂದು ನಾನು ಅಂದುಕೊಂಡೆ. ಅತ್ತಿಗೆ ಒಂದು ಚಮಚ ಬಾಯಿಗಿಟ್ಟು, “ಕೊತ್ತಂಬರಿ ಹುರಿಯಲೇ ಇಲ್ಲ,” ಎಂದರು.

ಆಫೀಸುಗಳ ಊಟದ ಹೊತ್ತು. ನಮ್ಮ ಎದುರಿನ ಖಾಲಿ ಕುರ್ಚಿಯಲ್ಲಿ ಅಪರಿಚಿತ ಗೃಹಸ್ಥರೊಬ್ಬರು ಕೇಳದೆ ಬಂದು ಕುಳಿತು, ಮೊಬೈಲನ್ನು ನೀರಿನ ಲೋಟಕ್ಕೆ ಒರಗಿಸಿಟ್ಟು ಇಡ್ಲಿ ತಿನ್ನತೊಡಗಿದರು. ಉಡುಪಿಯಲ್ಲಾಗಿದ್ದರೆ ಎರಡನೆಯ ತುತ್ತಿಗೆ ‘ನಿಮಗೆ ಯಾವೂರಾಯಿತು’ ಎಂಬ ಪ್ರಶ್ನೆ ಬರುತ್ತಿತ್ತು. ಇವರು ನನ್ನ ಮೊಣಕೈಗೆ ಜಾಗವಾಗಲೆಂದು ತಟ್ಟೆಯನ್ನು ನಾಲ್ಕು ಬೆರಳು ಆಚೆ ಸರಿಸಿದರು, ಅಷ್ಟೇ. ಆ ಮೌನದಿಂದಲೇ ನನಗೆ ಧೈರ್ಯ ಬಂತೋ ಏನೋ.

“ಅತ್ತಿಗೆ, ಆ ಕೇಬಲ್ಲು ನನ್ನ ಹತ್ತಿರ ಉಂಟು.”

ಎಲ್ಲವನ್ನೂ ಹೇಳಿದೆ. ಗೂಡು, ಪರದೆ, ನಿನ್ನೆ ಬಾಯಿ ಬಿಡದೆ ನಿಂತದ್ದು. ಅತ್ತಿಗೆ ಕಾಫಿಯ ಲೋಟವನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

“ಪರದೆಯ ಸ್ಪ್ರಿಂಗಾ? ನಿಮ್ಮ ಮನೆಯಲ್ಲಿ ಸ್ಪ್ರಿಂಗ್ ಎಲ್ಲಿತ್ತು ಮಾರಾಯ್ತಿ? ನಾನು ಮದುವೆಯಾಗಿ ಬಂದಾಗ ಪರದೆಗೆ ತೆಂಗಿನ ಹುರಿ. ಒಂದು ದಿನ ಹುರಿ ತುಂಡಾಗಿ ಪರದೆ ನಿಮ್ಮ ಅಪ್ಪಯ್ಯನ ತಲೆ ಮೇಲೆ ಬಿದ್ದದ್ದು ಮರೆತುಹೋಯ್ತಾ?”

ನನಗೆ ಅದು ನೆನಪಿಲ್ಲ. ಹುರಿಯನ್ನು ಮೀಟಿದರೆ ಟ್ರಂಯ್ ಎನ್ನುವುದಿಲ್ಲ. ಸ್ಪ್ರಿಂಗು ಕೆಟ್ಟ ಮೇಲೆ ಹುರಿ ಬಂದಿರಬಹುದು. ಅಥವಾ ಟ್ರಂಯ್ ಎಂಬ ಸದ್ದು ಬೇರೆಲ್ಲಿಂದಲೋ ಬಂದು ನಮ್ಮ ಕಿಟಕಿಯ ಮೇಲೆ ಕುಳಿತಿರಬಹುದು. ಅದನ್ನು ಕೇಳೋಣವೆಂದರೆ ಅಣ್ಣನಿಲ್ಲ.

“ಆ ಡ್ರಾವರಿನಲ್ಲಿದ್ದದ್ದನ್ನು ನೀನು ತೆಗೆದದ್ದು ನನಗೂ ಗೊತ್ತಿಲ್ಲ ನೋಡು,” ಎಂದ ಅತ್ತಿಗೆ ಆಮೇಲೆ ನಕ್ಕರು. ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು. “ಅವರಿದ್ದಿದ್ದರೆ ನಿನ್ನನ್ನು ಸಾಯುವವರೆಗೆ ತಮಾಷೆ ಮಾಡುತ್ತಿದ್ದರು. ಇನ್ನೆಂತ ಮಾಡುದು, ಪುಣೆಯವರು ನಾಡಿದ್ದು ಬರುದಲ್ವಾ?”

ಎದುರಿನ ಗೃಹಸ್ಥರು ಕೈಯೊರೆಸಿಕೊಂಡು ಎದ್ದರು. “ಉಡುಪಿಯಿಂದ ಮೂರು ಗಂಟೆಗೆ ಬೊಂಬಾಯಿ ಬಸ್ಸು ಬಿಡ್ತದೆ,” ಎಂದರು, ಅಚ್ಚ ನಮ್ಮೂರ ಕನ್ನಡದಲ್ಲಿ. “ಡ್ರೈವರನ ಕೈಯಲ್ಲಿ ಕೊಟ್ಟರೆ ನಾಳೆ ಬೆಳಿಗ್ಗೆ ಸಯನ್ನಿನಲ್ಲಿ ಕೊಡ್ತಾನೆ. ಈಗ ಒಂದೂವರೆ. ಬೇಗ ಫೋನ್ ಮಾಡಿ.” ಮೊಬೈಲು ಜೇಬಿಗೆ ಹಾಕಿಕೊಂಡು ಹೊರಟೇ ಹೋದರು.

ನನ್ನ ಮನೆಯ ಬೀಗದ ಕೈ ಇರುವುದು ಪಕ್ಕದ ಲೀಲಕ್ಕನ ಬಳಿ. ಫೋನಿನಲ್ಲಿ ಅವರಿಗೆ ವಿಷಯ ತಿಳಿಸುವುದೇ ಒಂದು ಸಾಹಸವಾಯಿತು.

“ಪರದೆ ಬೇಡವಾ? ಬರೀ ಸ್ಪ್ರಿಂಗಾ? ಬೊಂಬಾಯಿಯಲ್ಲಿ ಸ್ಪ್ರಿಂಗ್ ಸಿಕ್ಕುದಿಲ್ವಾ ಸುಮಕ್ಕ?”

“ಇದು ಸಿಕ್ಕುವುದಿಲ್ಲ ಲೀಲಕ್ಕ. ಮೂರು ಗಂಟೆಯ ಬಸ್ಸಿಗೆ ಹಾಕಿ.”

“ಹಾಕುವ. ಮಲ್ಲಿಗೆಯೂ ಒಂದಿಷ್ಟು ಹಾಕುವ. ಬಸ್ಸಿಗೆ ಬರೀ ಕಬ್ಬಿಣ ಕೊಟ್ಟರೆ ಡ್ರೈವರ ಎಂತ ಹೇಳಿಯಾನು?”

ಸಯನ್, ಬಸ್ಸು ನಿಲ್ಲುವಲ್ಲಿ

ಶನಿವಾರ ಬೆಳಿಗ್ಗೆ ಹೆದ್ದಾರಿಯ ಬದಿಯಲ್ಲಿ ನಮ್ಮಂತೆ ಕಾಯುತ್ತಿದ್ದವರು ಹತ್ತಿಪ್ಪತ್ತು ಮಂದಿ. ಬಸ್ಸು ನಿಂತ ಕೂಡಲೇ ಹೊಟ್ಟೆಯ ಬಾಗಿಲು ತೆರೆದು ಕ್ಲೀನರು ಹೆಸರು ಕೂಗತೊಡಗಿದ. ಹಲಸಿನಕಾಯಿ, ತೆಂಗಿನೆಣ್ಣೆಯ ಡಬ್ಬ, ಯಾರದೋ ಮನೆಯ ಉಪ್ಪಿನಕಾಯಿ ಭರಣಿ. ರಸೀದಿಯಿಲ್ಲ, ಗುರುತಿನ ಚೀಟಿಯಿಲ್ಲ. ಹೆಸರು ಹೇಳಿದರೆ ಕೈಗೆ ಬರುತ್ತದೆ. ಈ ನಂಬಿಕೆ ನಮ್ಮೂರಿನದೋ ಈ ಊರಿನದೋ ಗೊತ್ತಾಗಲಿಲ್ಲ. ಬಸ್ಸಿನದೇ ಇರಬೇಕು.

ನಮ್ಮ ಕಟ್ಟು ಬಾಳೆಎಲೆಯದು, ಬಾಳೆನಾರಿನಿಂದ ಬಿಗಿದದ್ದು. ಒಳಗೆ ಕಟ್ಟಿದ ಮಲ್ಲಿಗೆ, ನಮ್ಮೂರ ಅಳತೆಯಲ್ಲಿ ಎರಡು ಅಟ್ಟಿ. ನಡುವೆ ನನ್ನ ಗೂಡಿನ ಪರದೆ, ಸ್ಪ್ರಿಂಗಿನ ಸಮೇತ. ಬಿಚ್ಚುವ ಬಗೆ ತಿಳಿಯದೆ ಲೀಲಕ್ಕ ಎರಡನ್ನೂ ಒಟ್ಟಿಗೆ ಸುತ್ತಿದ್ದರು.

ನಿಧಿ ಪರದೆಯನ್ನು ಎತ್ತಿ ಹಿಡಿದಳು. “ಅತ್ತೆ, ತೀನ್ ಸಾಲ್ ಈ ಪಾರ್ಟ್ ಮೇಲೆ ಹೂವಿನ ಪರದೆ?”

“ಹೌದು.”

“ಪಪ್ಪಾಗೆ ಪತಾ ಆಗಿದ್ದರೆ...” ಎಂದು ನಕ್ಕು ನನ್ನ ಕೈ ಹಿಡಿದುಕೊಂಡಳು.

ಮತ್ತೆ ಬೈಕುಲ್ಲಾ

ಸಿದ್ರಾಮ ಕೇಬಲ್ಲನ್ನು ಎರಡೂ ಅಂಗೈಗಳ ನಡುವೆ ಉರುಳಿಸಿ ನೋಡಿದ, ಬಾಗಿಸಿದ, ಮೂಸಿಯೂ ನೋಡಿದ. “ಮಲ್ಲಿಗಿ ವಾಸನಿ ಬರ್ತೈತ್ರೀ. ಇಂಥ ಕೇಬಲ್ ನಾ ಎಂದೂ ಹಾಕಿಲ್ಲ.” ಸಮುದ್ರದ ಗಾಳಿಗೆ ಅಲ್ಲಲ್ಲಿ ತುಕ್ಕಿನ ಚುಕ್ಕೆ ಎದ್ದಿತ್ತು. ಸೀಮೆಎಣ್ಣೆಯಲ್ಲಿ ನೆನೆಸಿ ಒರೆಸಿದ. “ಪರದಿ ಭಾರಕ್ಕ ಇದಕ್ಕೇನೂ ಆಗಿಲ್ಲ. ಬರೋಬ್ಬರಿ ಐತಿ.”

ಎರಡು ಬದಿಯ ಚಕ್ರಗಳನ್ನೂ ಕೈಯಿಂದ ತಿರುಗಿಸಿ, ಹಳಿಗಳ ಹಿಡಿಗಳನ್ನು ತಳಕ್ಕೆ ತಂದು ಸಮ ಮಾಡಿ, ಆಮೇಲೆ ಚೌಕ ತುದಿಯನ್ನು ಮೋಟಾರಿಗೆ ಕೂರಿಸಿದ. ಗ್ರೀಸನ್ನು ಬೆರಳ ತುದಿಯಲ್ಲಿ ತೆಳ್ಳಗೆ ಸವರಿದ. “ಹೆಚ್ಚಿಗಿ ಹಚ್ಚಬಾರದವ್ವಾ, ಧೂಳ ಕರೀತೈತಿ. ವಾರಕ್ಕೊಮ್ಮೆ ಪೂರಾ ಏರಸು, ಪೂರಾ ಇಳಸು. ಸುಮ್ಮ ನಿಂದರಸಿದ್ರ ಗಟ್ಟಿ ಆಗಿ ಕುಂದರತೈತಿ.”

ಗಾಜು ಕೂರಿಸುವ ಮೊದಲು ಎರಡೂ ಹಿಡಿಗಳಿಗೆ ಅಡ್ಡಲಾಗಿ ಒಂದು ಮರದ ಪಟ್ಟಿ ಕಟ್ಟಿದ. ಅದರ ನಡುವೆ ತನ್ನ ‘ಕಟಿಂಗ್’ ಎಂಬ ಅರ್ಧ ಚಹಾದ ಗ್ಲಾಸನ್ನು ಇಟ್ಟ.

“ಒತ್ತವ್ವಾ.”

ನಿಧಿ ಗುಂಡಿ ಒತ್ತಿದಳು. ಜಿರ್ರ್ ಎಂದಿತು. ಪಟ್ಟಿ ಮೇಲೇರಿತು, ಗ್ಲಾಸೂ ಏರಿತು. ಚಹಾ ಯಾವ ಬದಿಗೂ ವಾಲಲಿಲ್ಲ. ಇಳಿಯುವಾಗಲೂ ಅಷ್ಟೇ. ಸಿದ್ರಾಮ ಗ್ಲಾಸನ್ನು ಎತ್ತಿಕೊಂಡು ಒಂದು ಗುಟುಕು ಕುಡಿದ. “ಪಾಸ್.”

ಗಾಜು ಕೂರಿಸಿದ ಮೇಲೆ ನಿಧಿ ಹತ್ತಿ ಕುಳಿತು ಅದನ್ನು ಇಳಿಸುತ್ತ ಹೋದಳು. ನಾನು ಬೇರೆಡೆ ನೋಡಿದೆ, ಗೋಡೆಯ ಕಡೆ. ಗುರುವಾರದ ಟ್ಯೂಬು ಯಾರದೋ ಗಾಡಿಗೆ ಹೋಗಿತ್ತು; ಮೊಳೆ ಮಾತ್ರ ಇತ್ತು. ಮೊಳೆಯ ಕೆಳಗೆ ಆ ಇನ್ನೊಂದು ಸಾಲೂ ಈಗ ಕಾಣುತ್ತಿತ್ತು.

‘ಹೋಟೆಲ್ ಭಟ್ರ ಗಾಡಿ. ಎಡಗಡಿ ಕೇಬಲ್ ಬರೂದೈತಿ. ಕಾಚ್ ಮಗಳ ಎತ್ತರಕ್ಕ ಇಳಸೂದು.’

“ಇದು ಅಣ್ಣ ಹೇಳಿ ಬರೆಸಿದ್ದೋ, ನಿಮ್ಮ ಊಹೆಯೋ?” ಎಂದು ಕೇಳಿದೆ. ಕೇಳದಿರಲು ನನ್ನಿಂದ ಆಗುವುದಿಲ್ಲ.

“ಊಹಿ ಬರಿಯೂದಿಲ್ರಿ ನಾ. ಗಾಡಿ ಮಾಲಕ ಹೇಳಿದ್ದ ಬರೀತೀನಿ. ಮಗಳಿಗೆ ಕಲಸಬೇಕು, ಆಕಿಗೆ ರಸ್ತೆ ಕಾಣವಲ್ದು ಅಂದ್ರು.”

ನಿಧಿಗೆ ಕನ್ನಡ ಓದಲು ಬರುವುದಿಲ್ಲ. ಅವಳನ್ನು ಕರೆದು ಗೋಡೆಯ ಬಳಿ ನಿಲ್ಲಿಸಿ, ಒಂದೊಂದೇ ಪದದ ಮೇಲೆ ಬೆರಳಿಟ್ಟು ಓದಿ ಹೇಳಿದೆ. ‘ಮಗಳ’ ಎಂಬಲ್ಲಿಗೆ ಬಂದಾಗ ಅವಳು ತಾನೂ ಬೆರಳಿಟ್ಟಳು.

“ಕೆಲಸ ಮುಗೀತಲ್ಲಾ, ಅಳಸಿಬಿಡ್ರಿ ಅಕ್ಕಾರ,” ಎಂದು ಸಿದ್ರಾಮ ಒದ್ದೆ ಬಟ್ಟೆ ಕೊಟ್ಟ. ನಾನು ಅವನ ಕಿವಿಯ ಮೇಲಿದ್ದ ಪೆನ್ಸಿಲನ್ನು ಕೇಳಿ ಪಡೆದು, ಸಾಲಿನ ಮೇಲೆ ಒಂದೇ ಒಂದು ಗೆರೆ ಎಳೆದೆ. ಕೆಳಗಿನ ಅಕ್ಷರಗಳು ಓದಲು ಬರುವಷ್ಟು ತೆಳುವಾಗಿ.

ಸಯನ್ನಿಗೆ ನಿಧಿಯ ಹಿಂದೆ ಕುಳಿತು ಬಂದೆ. ಗಾಜು ತಗ್ಗಿನಲ್ಲಿತ್ತು. ದಾರಿಯುದ್ದಕ್ಕೂ ಗಾಳಿ ಮುಖಕ್ಕೆ ಹೊಡೆಯಿತು, ಕೂದಲೆಲ್ಲ ಕೆದರಿತು. ಪುಣೆಯವರಿಗೆ ಬರುವುದು ಬೇಡವೆಂದು ಅತ್ತಿಗೆ ಫೋನ್ ಮಾಡಿಯಾಗಿತ್ತು.

ಮನೆ

ಸಿದ್ರಾಮ ಸವೆದ ಕೇಬಲ್ಲನ್ನು ನನಗೇ ಕೊಟ್ಟಿದ್ದ. ಊರಿಗೆ ಬಂದು ಗೂಡಿನ ಪರದೆಯನ್ನು ಅದಕ್ಕೇ ಪೋಣಿಸಿ ಕಟ್ಟಿದೆ. ಒಂದು ತುಂಡು ಕಾಗದದಲ್ಲಿ, ‘ಪರದೆಯ ಸ್ಪ್ರಿಂಗಲ್ಲ. ವಾಸಣ್ಣನ ಬೈಕಿನ ಎಡಗಡೆಯ ಕೇಬಲ್ಲು, ಬೈಕುಲ್ಲಾದಿಂದ ತಂದದ್ದು’ ಎಂದು ಬರೆದು ಅದರ ತುದಿಗೆ ಕಟ್ಟಿದ್ದೇನೆ. ನಾಳೆ ನಾನೇ ಬೇರೇನಾದರೂ ಹೇಳಿದರೆ ನಂಬಬಾರದಲ್ಲ.

ಸವೆದ ತುದಿ ಮೊಳೆಯಲ್ಲಿ ಸರಿಯಾಗಿ ನಿಲ್ಲುವುದಿಲ್ಲ. ಪರದೆ ಎಡಕ್ಕೆ ಒಂದು ಬೆರಳು ಇಳಿದು ನಿಂತಿದೆ. ಲೀಲಕ್ಕ ಬಂದಾಗೆಲ್ಲ ಅದನ್ನು ನೆಟ್ಟಗೆ ಮಾಡಿ ಹೋಗುತ್ತಾರೆ. ಅವರು ಗೇಟು ದಾಟಿದ ಮೇಲೆ ನಾನು ಅದನ್ನು ಮತ್ತೆ ಇಳಿಸುತ್ತೇನೆ.